ಹತ್ತನೇ ತರಗತಿಯ ಆಚೆಗೊಂದು ಕಪಾಟು

ಜೂನ್ ಬಂತೆಂದರೆ ನಮ್ಮ ಮನೆಯಲ್ಲಿ ಮೈದಾ ಅಂಟು ಕುದಿಯುತ್ತಿತ್ತು. ಒಂದು ತರಗತಿ ಮುಂದಿದ್ದ ಹುಡುಗನಿಂದ ಅರ್ಧ ಬೆಲೆಗೆ ತಂದ ಪಠ್ಯಪುಸ್ತಕದ ಬೆನ್ನು ಕಿತ್ತುಹೋಗಿರುತ್ತಿತ್ತು. ಅಪ್ಪ ದಬ್ಬಣದಲ್ಲಿ ಮೂರು ತೂತು ಹಾಕಿ, ದಾರ ಎಳೆದು, ರಟ್ಟು ಅಂಟಿಸಿ ಕೊಡುತ್ತಿದ್ದರು. ಹಿಂದಿನವನು ಪೆನ್ಸಿಲಿನಲ್ಲಿ ತುಂಬಿದ್ದ ಬಿಟ್ಟ ಸ್ಥಳಗಳನ್ನು ಉಜ್ಜಿ ಅಳಿಸುವುದು ನನ್ನ ಕೆಲಸ. ಪೆನ್ನಿನಲ್ಲಿ ತುಂಬಿದ್ದರೆ ಅವನ ತಪ್ಪು ಉತ್ತರಗಳ ಜೊತೆಗೇ ವರ್ಷ ಕಳೆಯಬೇಕಿತ್ತು.

ಈಗ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 1ರಿಂದ 10ನೇ ತರಗತಿಯವರೆಗೆ ಪಠ್ಯಪುಸ್ತಕ ಉಚಿತ. ಬಡವರ ಮನೆಗೆ ಇದು ಎಷ್ಟು ದೊಡ್ಡ ನೆಮ್ಮದಿಯೆಂದು ಅರ್ಧ ಬೆಲೆಯ ಪುಸ್ತಕದಲ್ಲಿ ಓದಿದವರನ್ನು ಕೇಳಬೇಕು. ಆದರೆ ಎಸ್ಸೆಸ್ಸೆಲ್ಸಿ ಮುಗಿದ ಮರುದಿನದಿಂದ ನಿಘಂಟು, ಸ್ಪರ್ಧಾತ್ಮಕ ಪರೀಕ್ಷೆಯ ದಪ್ಪ ಪುಸ್ತಕ ಎಲ್ಲಕ್ಕೂ ದುಡ್ಡು. ಕಥೆ ಕಾದಂಬರಿಯ ಮಾತಂತೂ ಬೇಡ.

ಪುಕ್ಕಟೆ ವಿದ್ಯೆ ತುಮಕೂರಿಗೆ ಹೊಸದಲ್ಲ. ಅಲ್ಲಿನ ಸಿದ್ಧಗಂಗಾ ಮಠದಲ್ಲಿ ಸಂಸ್ಕೃತ ಪಾಠಶಾಲೆ ಶುರುವಾದದ್ದು 1917ರಲ್ಲಿ. ಮಠದ ಶಿವಕುಮಾರ ಸ್ವಾಮೀಜಿ (1907–2019) ಹಳ್ಳಿಹಳ್ಳಿ ತಿರುಗಿ, ಭಿಕ್ಷೆಯ ದವಸ ತಂದು ಮಕ್ಕಳಿಗೆ ಉಣಬಡಿಸಿ ಓದಿಸಿದರು. ಅನ್ನ, ಅಕ್ಷರ, ಆಶ್ರಯ ಮೂರೂ ಸೇರಿದ ತ್ರಿವಿಧ ದಾಸೋಹ ಅದು. ಉಣ್ಣುವವನ ತಲೆ ಬಾಗಿಸದೆ ಬಡಿಸುವ ಈ ಕ್ರಮ ಪುಸ್ತಕಕ್ಕೂ ಬರಬೇಕೆಂಬುದು ನನ್ನ ಆಸೆ.

ಅದಕ್ಕೆ ಬೇಕಾದ ಜಾಗ ಊರಲ್ಲೇ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯ; ಈಗಿನ ಹೆಸರು ‘ಅರಿವು ಕೇಂದ್ರ’. ತುಮಕೂರು ಜಿಲ್ಲೆಯಲ್ಲಿ ಮುನ್ನೂರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳಿವೆ. 2019ರಲ್ಲಿ ಈ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. ಕೊರೋನಾದಿಂದ ಶಾಲೆಗಳು ಬಾಗಿಲು ಹಾಕಿದ್ದ 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಶುರುವಾಗಿ, ಹಳ್ಳಿ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಗುಬ್ಬಿ, ಕುಣಿಗಲ್ ಪಟ್ಟಣಗಳಲ್ಲಿ, ತುಮಕೂರು ನಗರದಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಶಾಖೆಗಳೇ ಇವೆ.

ಈ ಗ್ರಂಥಾಲಯಗಳ ಪುಸ್ತಕ ಯಾರ ಭಿಕ್ಷೆಯೂ ಅಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದಾಗಿ ಆಸ್ತಿ ತೆರಿಗೆಯ ಜೊತೆಗೇ ಗ್ರಂಥಾಲಯ ಕರವನ್ನೂ ವಸೂಲು ಮಾಡುತ್ತಾರೆ, ಈಗ ನೂರಕ್ಕೆ ಆರು ರೂಪಾಯಿಯ ಲೆಕ್ಕದಲ್ಲಿ. ಶೀಟಿನ ಮನೆಗೆ ಕಂದಾಯ ಕಟ್ಟುವ ಕೂಲಿಯವರ ಕಾಸೂ ಆ ಕಪಾಟಿನಲ್ಲಿದೆ. ಬಾಗಿಲಲ್ಲಿ ಸಂಕೋಚದಿಂದ ನಿಂತವರಿಗೆ ಇದನ್ನು ಯಾರಾದರೂ ಹೇಳಬೇಕು.

ಕೊಡುವವರಿಗೂ ಒಂದು ಮಾತಿದೆ. ಅಟ್ಟ ಖಾಲಿ ಮಾಡಲು ಪುಸ್ತಕ ದಾನ ಮಾಡಬೇಡಿ. ಗೆದ್ದಲು ಹಿಡಿದ ವಾರ್ಷಿಕ ಸಂಚಿಕೆ, ಪಠ್ಯಕ್ರಮ ಬದಲಾದ ಗೈಡು ಯಾರಿಗೂ ಬೇಡ. ಮೊದಲು ಗ್ರಂಥಾಲಯ ಮೇಲ್ವಿಚಾರಕರನ್ನು ಕೇಳಿ. ನಾನು ಕೇಳಿದಾಗ ಒಬ್ಬರು ಯೋಚಿಸದೆ ಹೇಳಿದ್ದು: ಇಂಗ್ಲಿಷ್–ಕನ್ನಡ ನಿಘಂಟು ಎರಡು, ದಪ್ಪಕ್ಷರದ ಮಕ್ಕಳ ಕಥೆ, ಈ ವರ್ಷದ ಸಾಮಾನ್ಯ ಜ್ಞಾನದ ಪುಸ್ತಕ. ‘ಕೊನೇದು ಕಪಾಟಲ್ಲಿ ನಿಲ್ಲೋದೇ ಇಲ್ಲ ಸಾರ್’ ಅಂದರು.

ಗುಬ್ಬಿ ಕಡೆಯ ಒಂದು ಹಳ್ಳಿಯಲ್ಲಿ ಸಂಜೆ ಐದರ ಹೊತ್ತು. ಏಳನೇ ತರಗತಿಯ ಹುಡುಗಿ ತನಗೊಂದು ಕಥೆ ಪುಸ್ತಕ ಆರಿಸಿಕೊಂಡು, ಅಣ್ಣನಿಗೆಂದು ಆ ಸಾಮಾನ್ಯ ಜ್ಞಾನದ ಪುಸ್ತಕವನ್ನೂ ಎದೆಗವಚಿಕೊಂಡು ನಿಂತಿದ್ದಳು. ಅಣ್ಣ ಹಗಲು ಫ್ಯಾಕ್ಟರಿಗೆ ಹೋಗಿ ರಾತ್ರಿ ಓದುತ್ತಾನಂತೆ. ರಿಜಿಸ್ಟರಿನಲ್ಲಿ ಸಹಿ ಮಾಡುವಾಗ ತಲೆ ಎತ್ತಿ ಕೇಳಿದಳು:

‘ಮೇಡಂ, ಹದಿನೈದು ದಿನಕ್ಕೆ ವಾಪಸ್ ಕೊಡ್ಬೇಕಲ್ವಾ? ಅವನ ಪರೀಕ್ಷೆ ಇನ್ನೂ ಇಪ್ಪತ್ತು ದಿನ ಐತೆ.’

‘ತಗೊಂಡ್ ಬಂದು ತೋರ್ಸಮ್ಮ, ಮತ್ತೆ ಬರ್ಕೊಡ್ತೀನಿ.’