ಹನ್ನೊಂದು ಮೀಟರಿನಲ್ಲಿ ಮನಸ್ಸಿನ ಪರೀಕ್ಷೆ

ಕಾಲ್ಚೆಂಡಾಟದ ಅಂಗಣದಲ್ಲಿ ಪೆನಾಲ್ಟಿ ಒದೆತಕ್ಕಿಂತ ಸುಲಭವಾದ ಕೆಲಸವಿಲ್ಲವೆಂದು ನೋಡುವವರಿಗೆ ತೋರುತ್ತದೆ. ಚೆಂಡು ಅಲುಗದೆ ನಿಂತಿದೆ. ಗೋಲಿನ ಬಾಯಿ 7.32 ಮೀಟರು ಅಗಲ, 2.44 ಮೀಟರು ಎತ್ತರ; ದೂರವಾದರೋ ಸುಮಾರು 11 ಮೀಟರು ಮಾತ್ರ. ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಒದ್ದ ಚೆಂಡು ಅರ್ಧ ಸೆಕೆಂಡಿನೊಳಗೇ ಗೆರೆ ದಾಟುತ್ತದೆ. ಆದರೂ ವರ್ಷಗಟ್ಟಲೆ ಪಳಗಿದ ಆಟಗಾರರು ಇಲ್ಲಿಯೇ ಎಡವುವುದುಂಟು. ಇದಕ್ಕೆ ಕಾರಣವನ್ನು ಕಾಲಿನಲ್ಲಿ ಹುಡುಕಿದರೆ ಸಾಲದು, ಮನಸ್ಸಿನಲ್ಲಿಯೂ ಹುಡುಕಬೇಕು.

ಸಮಬಲವಾಗಿ ಮುಗಿದ ಪಂದ್ಯವನ್ನು ಪೆನಾಲ್ಟಿ ಒದೆತಗಳಿಂದ ತೀರ್ಮಾನಿಸುವ ಪದ್ಧತಿ 1970ರಲ್ಲಿ ಆಟದ ನಿಯಮಗಳೊಳಗೆ ಬಂದಿತು. ಅಂತಹ ಒದೆತಗಳನ್ನು ನಾರ್ವೆಯ ಮನಶ್ಶಾಸ್ತ್ರಜ್ಞ ಗೈರ್ ಯೋರ್ಡೆಟ್ ಅವರು ಕೂಲಂಕಷವಾಗಿ ಪರಿಶೀಲಿಸಿದರು. ಗೋಲಾದರೆ ಆ ಕ್ಷಣವೇ ಗೆಲುವು ಎಂಬಂತಹ ಒದೆತಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಗೋಲಾಗಿದ್ದವು. ತಪ್ಪಿದರೆ ಆ ಕ್ಷಣವೇ ಸೋಲು ಎಂಬಂತಹವುಗಳಲ್ಲಿ ಗೋಲಾದುವು ಹತ್ತಕ್ಕೆ ಸುಮಾರು ಆರು ಮಾತ್ರ. ಚೆಂಡು ಅದೇ, ದೂರವೂ ಅದೇ. ಬದಲಾದುದು ಆಟಗಾರನ ಮನಸ್ಸಿನಲ್ಲಿದ್ದ ನಿರೀಕ್ಷೆ.

ಭಯವು ದೇಹದಲ್ಲಿ ಮಾಡುವ ಕೆಲಸವನ್ನು ನಾವೆಲ್ಲರೂ ಬಲ್ಲೆವು. ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ, ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಕಣ್ಣಿನ ಮೇಲೆ ಅದರ ಪ್ರಭಾವ ಇನ್ನೂ ಸ್ವಾರಸ್ಯವಾದುದು. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆತಂಕಗೊಂಡ ಆಟಗಾರರ ದೃಷ್ಟಿಯು ಗೋಲು ಕಾಯುವವನ ಮೇಲೆ ಬೇಗನೆ ಬಿದ್ದು ಹೆಚ್ಚು ಹೊತ್ತು ನಿಂತಿತು. ಕಣ್ಣು ನೆಟ್ಟ ಕಡೆಗೇ ಕಾಲೂ ವಾಲಿದುದರಿಂದ ಚೆಂಡು ಕಾಯುವವನ ಕೈಗೆಟುಕುವಷ್ಟು ಹತ್ತಿರಕ್ಕೆ ಹೋಯಿತು. ಯಾರಿಗೆ ಅಂಜುತ್ತೇವೆಯೋ ಅವನ ಕೈಗೇ ಚೆಂಡನ್ನು ಒಪ್ಪಿಸಿದಂತಾಯಿತಲ್ಲವೆ!

ಹಾಗಾದರೆ ಮನಸ್ಸನ್ನು ಸಿದ್ಧಗೊಳಿಸುವ ಬಗೆ ಹೇಗೆ? ಚೆಂಡನ್ನು ಇಡುವ ಮೊದಲೇ ಗುರಿಯನ್ನು ನಿಶ್ಚಯಿಸಿ, ಆಮೇಲೆ ಬದಲಿಸದಿರುವುದು ಒಂದು. ಉಸಿರನ್ನು ನಿಧಾನವಾಗಿ ಬಿಟ್ಟು ಎದೆಬಡಿತವನ್ನು ತಗ್ಗಿಸುವುದು ಇನ್ನೊಂದು. ತೀರ್ಪುಗಾರನ ಸೀಟಿ ಕೇಳಿದೊಡನೆ ಧಾವಿಸದೆ ಒಂದು ಕ್ಷಣ ತಡೆಯುವುದು ಮತ್ತೊಂದು. ಏಕೆಂದರೆ ಅಂಜಿದವನಿಗೆ ಕೆಲಸವನ್ನು ಮುಗಿಸಿ ಪಾರಾಗುವ ಆತುರವೇ ಹೆಚ್ಚು. ಒದೆತವನ್ನು ಮೊದಲಿನಿಂದ ಕೊನೆಯವರೆಗೆ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವುದೂ ವ್ಯರ್ಥವಲ್ಲ. ಚಲನೆಯನ್ನು ಕಲ್ಪಿಸಿಕೊಂಡಾಗ, ಆ ಚಲನೆಯನ್ನು ಯೋಜಿಸುವ ಮಿದುಳಿನ ಭಾಗಗಳು ಎಚ್ಚರಗೊಳ್ಳುತ್ತವೆ. ಇವೆಲ್ಲವನ್ನೂ ಪ್ರತಿಬಾರಿಯೂ ಒಂದೇ ಕ್ರಮದಲ್ಲಿ ನಡೆಸಿದರೆ ಮನಸ್ಸಿಗೆ ಹಿಡಿದುಕೊಳ್ಳಲು ಒಂದು ಆಸರೆ ದೊರೆಯುತ್ತದೆ.

ಇಂಗ್ಲೆಂಡ್ ತಂಡದ ಕಥೆ ಇದಕ್ಕೆ ನಿದರ್ಶನ. 1990ರಿಂದ 2012ರವರೆಗಿನ ದೊಡ್ಡ ಪಂದ್ಯಾವಳಿಗಳಲ್ಲಿ ಅದು ಆರು ಬಾರಿ ಪೆನಾಲ್ಟಿ ಒದೆತಗಳಲ್ಲಿ ಸೋತಿತು. 1996ರ ಯುರೋಪಿಯನ್ ಪಂದ್ಯಾವಳಿಯಲ್ಲಿ, ಜರ್ಮನಿಯ ಎದುರಿನ ಉಪಾಂತ್ಯ ಪಂದ್ಯದಲ್ಲಿ ಗ್ಯಾರೆತ್ ಸೌತ್‌ಗೇಟ್ ಅವರ ಒದೆತವನ್ನು ಎದುರಾಳಿ ತಡೆದನು. ಮುಂದೆ ಅವರೇ ತಂಡದ ತರಬೇತುದಾರರಾದರು. ಈ ಒದೆತವು ಅದೃಷ್ಟದ ಆಟವೆಂಬ ಮಾತನ್ನು ಬದಿಗಿರಿಸಿ, ಅದನ್ನು ಕಲಿಯಬಹುದಾದ ವಿದ್ಯೆಯೆಂದು ಬಗೆದು ತಂಡವನ್ನು ಅಭ್ಯಾಸಕ್ಕೆ ತೊಡಗಿಸಿದರು. ಮನಶ್ಶಾಸ್ತ್ರಜ್ಞರ ನೆರವನ್ನೂ ಪಡೆದರು. 2018ರ ವಿಶ್ವಕಪ್ಪಿನಲ್ಲಿ ಇಂಗ್ಲೆಂಡ್ ಕೊಲಂಬಿಯಾವನ್ನು 4-3ರಿಂದ ಮಣಿಸಿತು.

ಇಲ್ಲಿಗೆ ಕಥೆ ಮುಗಿಯಲಿಲ್ಲ. 2021ರಲ್ಲಿ ನಡೆದ ಯುರೋಪಿಯನ್ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಅದೇ ತಂಡ ಇಟಲಿಗೆ 3-2ರಿಂದ ಸೋತಿತು. 2024ರಲ್ಲಿ ಸ್ವಿಟ್ಜರ್ಲೆಂಡಿನ ಎದುರು ಐದಕ್ಕೆ ಐದೂ ಒದೆತಗಳನ್ನು ಗೋಲಾಗಿಸಿ ಗೆದ್ದಿತು. ಮನಸ್ಸಿನ ಅಭ್ಯಾಸವು ಗೆಲುವಿನ ಭರವಸೆಯನ್ನು ಕೊಡಲಾರದು, ಭಯವನ್ನು ಅಳಿಸಲೂ ಆರದು. ಎದೆ ಹೊಡೆದುಕೊಳ್ಳುತ್ತಿರುವಾಗಲೂ ಮುಂದೆ ಮಾಡಬೇಕಾದ ಕೆಲಸ ಯಾವುದೆಂಬುದನ್ನು ಮಾತ್ರ ಅದು ಮರೆಯಗೊಡುವುದಿಲ್ಲ. ಕಾಲಿಗೆ ತನ್ನ ವಿದ್ಯೆಯನ್ನು ತೋರಿಸಲು ಅಷ್ಟು ಅವಕಾಶ ಸಾಕು.