ಕುಕ್ಕರಿನ ಮುಚ್ಚಳ ಬಲ್ಲವರು

ಮಣಿಪಾಲದಲ್ಲಿ ಓದು ಮುಗಿಸಿ ಊರಿಗೆ ಹೊರಟ ಹುಡುಗಿಯೊಬ್ಬಳು ತನ್ನ 3 ಲೀಟರಿನ ಕುಕ್ಕರನ್ನು ನನ್ನ ತಂಗಿಯ ಮಗಳಿಗೆ ಕೊಟ್ಟು ಹೋಗಿದ್ದಳು. ಅದು ಕೂಗುತ್ತಿರಲಿಲ್ಲ, ಅಂಚಿನಿಂದ ಬುಸ್ಸೆಂದು ಹಬೆ ಬಿಡುತ್ತಿತ್ತು. ಹಿಡಿ ಬೇರೆ ಅಲ್ಲಾಡುತ್ತಿತ್ತು. ಗುಜರಿಗೆ ಹಾಕುವ ಮೊದಲು ಒಮ್ಮೆ ತೋರಿಸೋಣವೆಂದು ಚೀಲಕ್ಕೆ ತುಂಬಿಕೊಂಡು ಕಡಿಯಾಳಿಯಲ್ಲಿ ಬಸ್ಸಿಳಿದೆ. ಮಹಿಷಮರ್ದಿನಿ ದೇವಸ್ಥಾನದ ಆಸುಪಾಸಿನಲ್ಲಿ ಸ್ಟೌ, ಮಿಕ್ಸಿ, ಕುಕ್ಕರ್ ರಿಪೇರಿಯ ಒಂದು ಸಣ್ಣ ಅಂಗಡಿ.

ಅಂಗಡಿಯವರು ಮುಚ್ಚಳವನ್ನು ಬದಿಗಿಟ್ಟು ಮೊದಲು ಪಾತ್ರೆಯನ್ನು ಕೈಗೆತ್ತಿಕೊಂಡರು. ಬಾಯಿಯ ಸುತ್ತ ಹೆಬ್ಬೆರಳು ಆಡಿಸಿದರು. ಸಮತಟ್ಟಾದ ಕಲ್ಲಿನ ಮೇಲಿಟ್ಟು ಅಲ್ಲಾಡಿಸಿ ನೋಡಿದರು. ನೀರು ಬತ್ತಿ ಕಾದ ಕುಕ್ಕರಿನ ತಳ ಉಬ್ಬಿರುತ್ತದೆ. ಹುಣಸೆ, ಪುನರ್ಪುಳಿಯ ಹುಳಿಯನ್ನು ರಾತ್ರಿಯಿಡೀ ಬಿಟ್ಟರೆ ಅಲ್ಯೂಮಿನಿಯಂ ಒಳಗಿಂದ ಗುಳಿ ಬೀಳುತ್ತದೆ. ಅಂಥದ್ದನ್ನು ಅವರು ರಿಪೇರಿಗೇ ತೆಗೆದುಕೊಳ್ಳುವುದಿಲ್ಲ. ನಮ್ಮದು ಅಲ್ಲಾಡಲಿಲ್ಲ.

“ಪಾತ್ರೆಗೆ ಎಂಥ ಸಾ ಆಗ್ಲಿಲ್ಲ ಅಕ್ಕಾ. ಮುಚ್ಚಳ ಮಾತ್ರ ಸೋತಿದೆ.”

ಗ್ಯಾಸ್ಕೆಟ್ ತೆಗೆದು ಬೆರಳಿಗೆ ಸುತ್ತಿ ಬಗ್ಗಿಸಿದರು. ಹೊರಮೈಯಲ್ಲಿ ಕೂದಲೆಳೆಯಂಥ ಬಿರುಕುಗಳು ಬಾಯಿಬಿಟ್ಟವು. ಎಣ್ಣೆ ಮತ್ತು ಬಿಸಿ ಸೇರಿ ರಬ್ಬರನ್ನು ಗಡುಸು ಮಾಡುತ್ತವೆ. ಹಿಗ್ಗಿದ ಗ್ಯಾಸ್ಕೆಟನ್ನು ಫ್ರೀಜರಿನಲ್ಲಿಟ್ಟು ತಾತ್ಕಾಲಿಕವಾಗಿ ಬಿಗಿ ಮಾಡುವ ಉಪಾಯ ನಮ್ಮ ಮನೆಗಳಲ್ಲಿದೆ, ನಾನೂ ಮಾಡಿದ್ದೇನೆ. ಬಿರುಕು ಬಿಟ್ಟದ್ದಕ್ಕೆ ಅದರಿಂದ ಪ್ರಯೋಜನವಿಲ್ಲ. ಹೊಸದನ್ನು ಹುಡುಕುವಾಗ ಅವರು ಕಂಪನಿ, ಲೀಟರು, ಮುಚ್ಚಳದ ಬಗೆ ಮೂರನ್ನೂ ನೋಡಿದರು. 1959ರಲ್ಲಿ ಒಟ್ಟಿಗೇ ಕಾಲಿಟ್ಟ ಹಾಕಿನ್ಸ್ ಮತ್ತು ಪ್ರೆಸ್ಟೀಜ್ ಇಂದಿಗೂ ನಮ್ಮ ಅಡುಗೆಮನೆಗಳನ್ನು ಹಂಚಿಕೊಂಡಿವೆ. ಹಾಕಿನ್ಸಿನ ಹಳೆಯ ಮಾದರಿಯಲ್ಲಿ ಮುಚ್ಚಳ ಪಾತ್ರೆಯೊಳಗೆ ಇಳಿದು ಹಬೆಯ ಒತ್ತಡಕ್ಕೆ ತಾನೇ ಬಿಗಿಯುತ್ತದೆ. ಪ್ರೆಸ್ಟೀಜಿನದು ಹೊರಗಿನಿಂದ ತಿರುಗಿ ಕಚ್ಚಿಕೊಳ್ಳುತ್ತದೆ. ಒಂದರ ರಬ್ಬರು ಇನ್ನೊಂದಕ್ಕೆ ಆಗದು. ಹೊರಮುಚ್ಚಳದ ಅಂಚಿನಲ್ಲಿ ಒಂದು ಸಣ್ಣ ಕಿಂಡಿ ಇರುವುದನ್ನು ಅಂದೇ ನಾನು ಸರಿಯಾಗಿ ನೋಡಿದ್ದು. ಒತ್ತಡ ಮಿತಿ ಮೀರಿದರೆ ಗ್ಯಾಸ್ಕೆಟ್ ಆ ಕಿಂಡಿಯಿಂದ ಹೊರಕ್ಕೆ ಉಬ್ಬಿ ಹಬೆಗೆ ದಾರಿ ಬಿಡಬೇಕು. ಸಿಕ್ಕಿದ ದಪ್ಪ ರಬ್ಬರು ತುರುಕಿದರೆ ಹಬೆ ಸೋರುವುದು ನಿಲ್ಲಬಹುದು, ಈ ದಾರಿಯೂ ಮುಚ್ಚಿಹೋಗಬಹುದು.

ಆಮೇಲೆ ವೆಯ್ಟ್ ಕೂರುವ ನಳಿಗೆ. ಮುಚ್ಚಳವನ್ನು ಬೆಳಕಿಗೆ ಹಿಡಿದು ಕಣ್ಣಿಟ್ಟರು: ತೂತಿನಲ್ಲಿ ಬೆಳಕೇ ಇಲ್ಲ.

“ಕುಚ್ಚಲಕ್ಕಿ ಬೇಯಿಸ್ತೀರಲ್ಲ?”

ಗಂಜಿಯ ನೊರೆ ಮೇಲೇರಿ ನಳಿಗೆಯಲ್ಲಿ ಒಣಗಿ ಬಿರಡೆಯಾಗಿತ್ತು. ತೆಳು ತಂತಿ, ಬಿಸಿನೀರು, ಮತ್ತೆ ತಂತಿ. ಅಕ್ಕಿ, ಬೇಳೆಗೆ ಕುಕ್ಕರಿನ ಅರ್ಧಕ್ಕಿಂತ ಮೇಲೆ ತುಂಬಬಾರದೆಂಬ ನಿಯಮ ಈ ನೊರೆಗಾಗಿಯೇ ಇರುವುದು. ಆ ಪುಟ್ಟ ತೂತಿನ ಮೇಲೆ ಕೂತ ವೆಯ್ಟ್ ಹೊರಗಿನ ಗಾಳಿಯ ಒತ್ತಡಕ್ಕಿಂತ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಹೆಚ್ಚು ಒತ್ತಡವನ್ನು ಒಳಗೆ ಹಿಡಿದಿಡುತ್ತದೆ. ಆಗ ನೀರು 100 ಡಿಗ್ರಿಯಲ್ಲಿ ಕುದಿಯದೆ 120ರ ಹತ್ತಿರ ಹೋಗುತ್ತದೆ. ಗಟ್ಟಿ ಕಡಲೆಯೂ ಮೆತ್ತಗಾಗುತ್ತದೆ. ಡೆನಿಸ್ ಪಾಪಿನ್ 1679ರಲ್ಲಿ ಲಂಡನ್ನಿನಲ್ಲಿ ಮೂಳೆ ಬೇಯಿಸಿ ತೋರಿಸಿದ್ದು ಇದೇ ತತ್ತ್ವದಿಂದ. ಹಬೆ ಹೊರಹೋಗಲು ಭಾರ ಹೇರಿದ ಕವಾಟವನ್ನು ಯೋಚಿಸಿದವನೂ ಅವನೇ.

ನನಗೆ ತುಂಬ ಮೆಚ್ಚುಗೆಯಾದದ್ದು ಸೇಫ್ಟಿ ವಾಲ್ವ್. ಬೆರಳ ತುದಿಯಷ್ಟಿರುವ ಈ ಗುಂಡಿಯ ನಡುವೆ ಬೇಗ ಕರಗುವ ಮಿಶ್ರಲೋಹವಿದೆ. ನಳಿಗೆ ಕಟ್ಟಿದರೆ ಒತ್ತಡದ ಜೊತೆಗೆ ಬಿಸಿಯೂ ಏರುತ್ತದೆ. ನೀರು ಬತ್ತಿದರೂ ಅಷ್ಟೆ. ಆಗ ಆ ಲೋಹ ಕರಗಿ ತೂತಾಗಿ ಹಬೆ ಹೊರಬೀಳುತ್ತದೆ. ಕುಕ್ಕರ್ ಉಳಿಯಲೆಂದು ಸಾಯುವುದೇ ಅದರ ಕೆಲಸ. ಕೆಲವರು ಸತ್ತ ವಾಲ್ವಿನ ತೂತಿಗೆ ಬೆಸುಗೆ ಹಾಕಿಸಿಕೊಳ್ಳುತ್ತಾರೆ, ಮೊಳೆ ಜಡಿಯುತ್ತಾರೆ. ಅದನ್ನು ಹೇಳುವಾಗ ಅಂಗಡಿಯವರ ಮುಖದಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. ಯಾವ ಮನೆಯ ಯಾವ ಹೆಂಗಸು ಆ ಒಲೆಯ ಮುಂದೆ ನಿಂತಿರುತ್ತಾಳೋ! ನಮ್ಮ ವಾಲ್ವ್ ಕರಗಿರಲಿಲ್ಲ, ಆದರೆ ಗಂಜಿ ಮೆತ್ತಿ ಕಪ್ಪಾಗಿತ್ತು. ಹೊಸದು ತಿರುಗಿಸಿದರು, ಅದೇ ಕಂಪನಿಯದು, ಕೈಬಿಗಿಯ ಮೇಲೆ ಸ್ಪ್ಯಾನರಿನ ಒಂದು ಸಣ್ಣ ತಿರುವು. ಹೆಚ್ಚು ಬಿಗಿದರೆ ಮುಚ್ಚಳದ ತಿರುಪು ಸವೆಯುತ್ತದೆ. ಕಡಲ ಗಾಳಿಗೆ ತುಕ್ಕು ಹಿಡಿದಿದ್ದ ಹಿಡಿಯ ಸ್ಕ್ರೂ ಕೂಡ ಬದಲಾಯಿತು.

ಕೊನೆಗೆ ಬರೀ ನೀರು ಹಾಕಿ ಒಲೆಗಿಟ್ಟರು. ಅಂಚಿನ ಸುತ್ತ ಕಿವಿ ಕೊಟ್ಟು ಬಗ್ಗಿದರು. ಹಬೆ ನಳಿಗೆಯಿಂದ ನೆಟ್ಟಗೆ ಬಂದ ಮೇಲಷ್ಟೇ ವೆಯ್ಟ್ ಇಟ್ಟರು. ಮೊದಲ ಕೂಗಿಗೆ ಅವರು ಆರಿಸಲಿಲ್ಲ, ಎರಡನೆಯದಕ್ಕೂ ಇಲ್ಲ. ಮೂರನೆಯದಾದ ಮೇಲೆ ಉರಿ ಆರಿಸಿ, ತಾನಾಗಿ ತಣಿಯುವವರೆಗೆ ಮುಟ್ಟದೆ ಮತ್ತೊಬ್ಬರ ಮಿಕ್ಸಿ ಬಿಚ್ಚತೊಡಗಿದರು.

“ತೊಳೆದ ಮೇಲೆ ಮುಚ್ಚಳ ಹಾಕಿ ಇಡ್ಬೇಡಿ ಅಕ್ಕಾ. ರಬ್ಬರ್ ತೆಗೆದು, ಒರೆಸಿ, ಬೇರೆ ಇಡ್ಲಿಕ್ಕೆ ಹೇಳಿ ಮಗುವಿಗೆ.”

ಹಳೆಯ ವಾಲ್ವನ್ನು ಕೇಳಿ ತೆಗೆದುಕೊಂಡೆ, ಅವಳಿಗೆ ತೋರಿಸಲು.