ಆಸ್ಪತ್ರೆಯ ಉದ್ಯೋಗಕ್ಕೆ ಸರ್ಟಿಫಿಕೇಟು: ವೆಚ್ಚವೆಷ್ಟು, ಫಲವೆಷ್ಟು?

ಹೈದರಾಬಾದು ಆಸ್ಪತ್ರೆಗಳ ನಗರ. ಮೂಸಿಯ ದಂಡೆಯ ಮೇಲಿನ ಉಸ್ಮಾನಿಯಾ ಆಸ್ಪತ್ರೆ, ಮುಷೀರಾಬಾದಿನ ಗಾಂಧಿ ಆಸ್ಪತ್ರೆ, ಪಂಜಗುಟ್ಟದ ನಿಮ್ಸ್, ಇವುಗಳಲ್ಲದೆ ಅಸಂಖ್ಯ ಖಾಸಗಿ ಚಿಕಿತ್ಸಾಲಯಗಳು ಇಲ್ಲಿವೆ. ಬೀದರ, ಕಲಬುರ್ಗಿ, ರಾಯಚೂರುಗಳು 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದಿಂದ ಬೇರ್ಪಟ್ಟುವು. ಆದರೆ ಅಲ್ಲಿಯ ರೋಗಿ ಹಿಡಿಯುವ ದಾರಿ ಬದಲಾಗಲಿಲ್ಲ. ಇಂದಿಗೂ ಕನ್ನಡವೊಂದನ್ನೇ ಬಲ್ಲ ಹಳ್ಳಿಗರು ಚೀಟಿ ಹಿಡಿದು ಇಲ್ಲಿಯ ಆಸ್ಪತ್ರೆಗಳ ಬಾಗಿಲಿಗೆ ಬರುತ್ತಾರೆ. ಇದನ್ನೆಲ್ಲ ನಿತ್ಯ ಕಾಣುವ ನಮ್ಮ ಹೋಟೆಲ್ ಕಾರ್ಮಿಕ ಬಂಧುಗಳಿಗೂ ಗುಮಾಸ್ತ ಮಿತ್ರರಿಗೂ, ‘ನಮ್ಮ ಮಗ, ನಮ್ಮ ಮಗಳು ಆಸ್ಪತ್ರೆಯಲ್ಲಿ ಒಂದು ಕೆಲಸ ಹಿಡಿದರೆ ಸಾಕು’ ಎಂಬ ಆಸೆ ಮೂಡುವುದು ಸಹಜವೇ ಸರಿ.

ಈ ಆಸೆಯನ್ನು ನಂಬಿಯೇ ‘ಆರು ತಿಂಗಳಲ್ಲಿ ಮೆಡಿಕಲ್ ಅಸಿಸ್ಟೆಂಟ್, ಕೆಲಸ ಖಚಿತ’ ಎಂಬಂಥ ಪ್ರಕಟನೆಗಳು ಹೊರಡುತ್ತವೆ. ಇವುಗಳಲ್ಲಿ ಎಲ್ಲವೂ ಮೋಸವೆಂದು ನಾವು ಹೇಳುವುದಿಲ್ಲ. ಎಲ್ಲವೂ ಲಾಭವೆಂದೂ ಹೇಳಲಾರೆವು. ಅಂಗಡಿಯಲ್ಲಿ ಬೇಳೆ ಕೊಳ್ಳುವಾಗ ತಕ್ಕಡಿ ನೋಡುವ ನಾವು, ವರ್ಷಗಟ್ಟಲೆಯ ಉಳಿತಾಯವನ್ನು ಒಂದು ಕಾಗದಕ್ಕೆ ತೆರುವಾಗ ತಕ್ಕಡಿಯನ್ನು ಮರೆಯಬಾರದು.

ಮೊದಲು ಹೆಸರಿನ ಗೊಂದಲವನ್ನು ಪರಿಹರಿಸಿಕೊಳ್ಳುವುದು ಲೇಸು. ‘ಮೆಡಿಕಲ್ ಅಸಿಸ್ಟೆಂಟ್’ ಎಂಬುದು ಅಮೆರಿಕದ ವೈದ್ಯರ ಕಚೇರಿಗಳಲ್ಲಿ ರೂಢಿಯಾದ ಹೆಸರು. ಅಲ್ಲಿ ಸುಮಾರು ಒಂದು ವರ್ಷದ ಸರ್ಟಿಫಿಕೇಟು ಪಡೆದವರು ರೋಗಿಯ ರಕ್ತದೊತ್ತಡ ನೋಡುವುದು, ಪೂರ್ವವೃತ್ತಾಂತ ಬರೆದುಕೊಳ್ಳುವುದು, ದಾಖಲೆ ಇಡುವುದು ಮೊದಲಾದ ಕೆಲಸ ಮಾಡುತ್ತಾರೆ. 2023ರಲ್ಲಿ ಆ ದೇಶದಲ್ಲಿ ಅವರ ಮಧ್ಯಮ ವಾರ್ಷಿಕ ಸಂಬಳ ಸುಮಾರು 42,000 ಡಾಲರುಗಳಿತ್ತು. ಇಲ್ಲಿ ಅದೇ ಹೆಸರಿನ ಕಾಗದ ಪಡೆದ ಮಾತ್ರಕ್ಕೆ ಆ ಸಂಬಳದ ಬಾಗಿಲು ತೆರೆಯುವುದಿಲ್ಲ. ನಮ್ಮ ದೇಶದಲ್ಲಿ ಕೆಲಸಗಳು ಬೇರೆಬೇರೆಯಾಗಿ ಹಂಚಿಹೋಗಿವೆ: ರೋಗಿಯ ಶುಶ್ರೂಷೆಗೆ ನೆರವಾಗುವ ಜನರಲ್ ಡ್ಯೂಟಿ ಅಸಿಸ್ಟೆಂಟ್, ರಕ್ತ ಪರೀಕ್ಷಿಸುವ ಲ್ಯಾಬ್ ಟೆಕ್ನಿಷಿಯನ್, ಎಕ್ಸ್‌ರೇ ತೆಗೆಯುವ ರೇಡಿಯೋಗ್ರಾಫರ್, ಆರೋಗ್ಯ ಕಾರ್ಯಕರ್ತೆ ಹೀಗೆ. ಒಂದೊಂದಕ್ಕೂ ಬೇರೆ ಓದು, ಬೇರೆ ಸಂಬಳ. ‘ಯಾವ ಕೆಲಸಕ್ಕೆ ಈ ಶಿಕ್ಷಣ?’ ಎಂಬ ಮೊದಲ ಪ್ರಶ್ನೆಗೆ ನೇರವಾದ ಉತ್ತರ ದೊರೆಯದಿದ್ದರೆ ಅಲ್ಲಿಂದ ಎದ್ದು ಬರುವುದೇ ಉಚಿತ.

ಎರಡನೆಯ ಮಾತು ಮಾನ್ಯತೆಯದು. ಸಂಸತ್ತು 2021ರಲ್ಲಿ ವೈದ್ಯಸಹಾಯಕ ವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗದ ಕಾಯಿದೆಯನ್ನು ಅಂಗೀಕರಿಸಿತು. ಅದರ ವ್ಯಾಖ್ಯೆಯಂತೆ ಈ ವರ್ಗದ ವೃತ್ತಿಪರನೆನಿಸಿಕೊಳ್ಳಲು ಬೇಕಾದ ಡಿಪ್ಲೊಮಾ ಅಥವಾ ಪದವಿಯ ಓದು ಎರಡರಿಂದ ನಾಲ್ಕು ವರ್ಷಗಳಲ್ಲಿ ಹರಡಿಕೊಂಡು, 2,000 ಗಂಟೆಗಳಿಗೆ ಕಡಿಮೆಯಿಲ್ಲದಷ್ಟು ಇರತಕ್ಕದ್ದು. ಮೂರು ಅಥವಾ ಆರು ತಿಂಗಳ ಸರ್ಟಿಫಿಕೇಟು ಈ ಅಳತೆಗೆ ನಿಲುಕದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದರಿಂದ ನೆರವಿನಾಳಿನ ಕೆಲಸ ದೊರೆತೀತು. ಟೆಕ್ನಿಷಿಯನ್ನನ ಸ್ಥಾನ ದೊರೆಯದು.

ಮೂರನೆಯದೇ ನಿಜವಾದ ವೆಚ್ಚ. ನಮ್ಮವರು ವೆಚ್ಚವೆಂದರೆ ಫೀಸು ಎಂದು ತಿಳಿಯುತ್ತಾರೆ. ಆದರೆ ಫೀಸು ವೆಚ್ಚದ ಒಂದು ಭಾಗ ಮಾತ್ರ. ಹೋಟೆಲಿನಲ್ಲಿ ದುಡಿಯುವವನಿಗೆ ಕೈಗೆ ಬರುವ ನಗದಿನ ಜೊತೆಗೆ ಎರಡು ಹೊತ್ತಿನ ಊಟ, ತಿಂಡಿ, ಮಲಗಲು ಸ್ಥಳ ಇರುವುದುಂಟು. ಕೆಲಸ ಬಿಟ್ಟ ದಿನವೇ ಇವೆಲ್ಲವೂ ನಿಲ್ಲುತ್ತವೆ. ಉದಾಹರಣೆಗಾಗಿ ಒಂದು ಲೆಕ್ಕ ಹಿಡಿಯೋಣ. ವಾಚಕರು ತಮ್ಮ ತಮ್ಮ ಅಂಕಿಗಳನ್ನು ಅದರಲ್ಲಿ ತುಂಬಿಕೊಳ್ಳಲಿ.

ಒಬ್ಬನಿಗೆ ತಿಂಗಳಿಗೆ 14,000 ರೂಪಾಯಿ ನಗದು, ಊಟ ವಸತಿಗಳ ಬೆಲೆ 6,000, ಒಟ್ಟು 20,000. ಅವನು ಕೆಲಸ ಬಿಟ್ಟು 40,000 ರೂಪಾಯಿ ಫೀಸಿನ ಆರು ತಿಂಗಳ ತರಗತಿಗೆ ಸೇರಿದರೆ ಕಳೆದುಕೊಂಡ ಸಂಪಾದನೆ 1,20,000. ಒಟ್ಟು ವೆಚ್ಚ 1,60,000. ಆಮೇಲೆ ಆಸ್ಪತ್ರೆಯಲ್ಲಿ ಊಟ ವಸತಿಗಳಿಲ್ಲದ 18,000 ರೂಪಾಯಿಯ ಕೆಲಸ ಸಿಕ್ಕಿತೆನ್ನಿ. ನಗದು 4,000 ಹೆಚ್ಚಿದಂತೆ ತೋರುವುದು. ನಿಜದಲ್ಲಿ ತಿಂಗಳಿಗೆ 2,000 ನಷ್ಟ. ಆ 1,60,000 ಎಂದಿಗೂ ತಿರುಗಿ ಬಾರದು.

ಅದೇ ಮನುಷ್ಯ ಎರಡು ವರ್ಷದ ಮಾನ್ಯ ಡಿಪ್ಲೊಮಾಕ್ಕೆ ಸೇರಿ 80,000 ಫೀಸು ಕಟ್ಟಿದರೆ, ಕಳೆದ ಸಂಪಾದನೆಯೂ ಕೂಡಿ ವೆಚ್ಚ 5,60,000. ಮುಂದೆ 26,000 ಸಂಬಳ ಬಂದರೂ ಹೆಚ್ಚಳ 6,000 ಮಾತ್ರ. ಹಾಕಿದ್ದು ಮರಳಲು ಏಳೂಮುಕ್ಕಾಲು ವರ್ಷ ಬೇಕು. ಸಂಸಾರ ಹೊತ್ತ ಮೂವತ್ತೈದರ ಗೃಹಸ್ಥನಿಗೆ ಇದು ಭಾರವೇ. ಈಗ ಅವನ ಮಗನ ಲೆಕ್ಕ ನೋಡಿ. ಇಂಟರ್ ಮುಗಿಸಿದ ಹುಡುಗ ಓದದೆ ದುಡಿದಿದ್ದರೆ ತಿಂಗಳಿಗೆ 12,000 ಗಳಿಸುತ್ತಿದ್ದನೆಂದು ಹಿಡಿದರೂ, ಫೀಸು ಸೇರಿ ಅವನ ವೆಚ್ಚ 3,68,000, ಹೆಚ್ಚಳ 14,000. ಎರಡೂಕಾಲು ವರ್ಷದೊಳಗೆ ಎಲ್ಲವೂ ಮರಳುತ್ತದೆ, ಮುಂದಿನ ಮೂವತ್ತು ವರ್ಷ ಲಾಭ. ಓದು ಒಂದೇ, ಫೀಸು ಒಂದೇ. ತಂದೆಗೆ ಹೊರೆಯಾದುದು ಮಗನಿಗೆ ಆಸ್ತಿಯಾಗುತ್ತದೆ. ನಾವು ಹೇಳಬೇಕಾದ ಮುಖ್ಯ ಮಾತು ಇದೇ: ಹಣ ಹೂಡುವುದಾದರೆ ಎಳೆಯ ವಯಸ್ಸಿನವರ ಉದ್ದನೆಯ ಓದಿಗೆ ಹೂಡಬೇಕೇ ಹೊರತು ದುಡಿಯುವವರ ಗಿಡ್ಡ ಕಾಗದಕ್ಕಲ್ಲ.

ಸಾಲದ ಲೆಕ್ಕವನ್ನೂ ಮರೆಯುವಂತಿಲ್ಲ. ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿಯಂತೆ 80,000 ತಂದರೆ ಎರಡು ವರ್ಷಕ್ಕೆ ಬಡ್ಡಿಯೇ 38,400. ಹೆಂಡತಿಯ ಬಳೆ ಒತ್ತೆಯಿಡುವ ಮೊದಲು ಕಡಿಮೆ ಖರ್ಚಿನ ದಾರಿಗಳನ್ನು ಹುಡುಕಬೇಕು. ಅವು ಇಲ್ಲದಿಲ್ಲ. ಹತ್ತನೆಯ ತರಗತಿ ತೇರ್ಗಡೆಯಾದವರಿಗೆ ತೆಲಂಗಾಣದ ಇಂಟರ್ಮೀಡಿಯೆಟ್ ಮಂಡಲಿಯ ವೃತ್ತಿಶಿಕ್ಷಣ ವಿಭಾಗದಲ್ಲಿ ಲ್ಯಾಬ್ ಟೆಕ್ನಿಷಿಯನ್, ಮಹಿಳಾ ಆರೋಗ್ಯ ಕಾರ್ಯಕರ್ತೆ ಮೊದಲಾದ ಎರಡು ವರ್ಷದ ಪಾಠಗಳಿವೆ. ಇಂಟರ್ ಮುಗಿದಂತೆಯೂ ಆಯಿತು, ಕೈಕೆಲಸ ಕಲಿತಂತೆಯೂ ಆಯಿತು. ಇಂಟರ್ ನಂತರ ತೆಲಂಗಾಣ ಪ್ಯಾರಾಮೆಡಿಕಲ್ ಮಂಡಲಿಯ ಡಿಪ್ಲೊಮಾಗಳಿವೆ. ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಸ್ಥಾನ ದೊರೆತರೆ ಖರ್ಚು ಬಹಳ ಇಳಿಯುತ್ತದೆ. ಕರ್ನಾಟಕದ ಪ್ಯಾರಾಮೆಡಿಕಲ್ ಮಂಡಲಿಯೂ ಎಸ್.ಎಸ್.ಎಲ್.ಸಿ. ಆದವರಿಗೆ ಮೂರು ವರ್ಷದ, ಪಿ.ಯು.ಸಿ. ವಿಜ್ಞಾನ ಓದಿದವರಿಗೆ ಎರಡು ವರ್ಷದ ಡಿಪ್ಲೊಮಾ ನಡೆಸುತ್ತದೆ. ಬೀದರ, ಕಲಬುರ್ಗಿ ಕಡೆಯಿಂದ ಬಂದ ಕುಟುಂಬಗಳು ಸಂವಿಧಾನದ 371ಜೆ ವಿಧಿಯನ್ನು ನೆನಪಿನಲ್ಲಿಡಬೇಕು. 2012ರ ತಿದ್ದುಪಡಿಯಿಂದ ಬಂದ ಈ ವಿಧಿ, ಜನ್ಮದಿಂದಲೋ ವಾಸದಿಂದಲೋ ಆ ಪ್ರದೇಶಕ್ಕೆ ಸೇರಿದವರಿಗೆ ಅಲ್ಲಿಯ ಶಿಕ್ಷಣ ಸಂಸ್ಥೆಗಳಲ್ಲಿಯೂ ಸರ್ಕಾರಿ ಹುದ್ದೆಗಳಲ್ಲಿಯೂ ಮೀಸಲಾತಿಗೆ ಅವಕಾಶ ಕೊಟ್ಟಿದೆ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಅದು ಅನ್ವಯಿಸುವುದೇ ಎಂದು ಅರ್ಜಿಗೆ ಮುಂಚೆಯೇ ಜಿಲ್ಲಾಡಳಿತದ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಇನ್ನು ನೆರವಿನಾಳಿನ ಕೆಲಸವೇ ಸಾಕೆನ್ನುವವರು ಅದಕ್ಕೆ ಹಣ ತೆರುವ ಮುಂಚೆ ಎರಡು ಸಲ ಯೋಚಿಸಲಿ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ ಇಂಥ ಶಿಕ್ಷಣವನ್ನು ಸರ್ಕಾರದ ಖರ್ಚಿನಲ್ಲಿಯೇ ಕೊಡುತ್ತ ಬಂದಿದೆ. ಕೊರೋನಾ ಕಾಲದಲ್ಲಿ, 2021ರ ಜೂನ್ ತಿಂಗಳಲ್ಲಿ, ಅದೇ ಯೋಜನೆಯಡಿ ಒಂದು ಲಕ್ಷ ಜನರನ್ನು ತರಬೇತುಗೊಳಿಸುವ ಗುರಿಯ ತ್ವರಿತ ಪಾಠಗಳೂ ನಡೆದವು. ಸರ್ಕಾರ ಪುಕ್ಕಟೆಯಾಗಿ ಕಲಿಸುವುದನ್ನು ಸಾಲ ಮಾಡಿ ಕೊಳ್ಳುವುದು ಯಾವ ಜಾಣತನ?

ಮಾನ್ಯ ಓದಿನ ಬೆಲೆ ಎಲ್ಲಿ ಕಾಣುತ್ತದೆಂಬುದಕ್ಕೆ ರೈಲ್ವೆಯನ್ನು ನೋಡಬಹುದು. ದಕ್ಷಿಣ ಮಧ್ಯ ರೈಲ್ವೆಯ ಕೇಂದ್ರ ಸಿಕಂದರಾಬಾದಿನಲ್ಲಿದೆ, ಅದರ ದೊಡ್ಡ ಆಸ್ಪತ್ರೆ ಲಾಲಾಗುಡದಲ್ಲಿದೆ. 2019ರಲ್ಲಿ ರೈಲ್ವೆ ನೇಮಕಾತಿ ಮಂಡಲಿಗಳು ವೈದ್ಯಸಹಾಯಕ ಹುದ್ದೆಗಳಿಗೆ ಅರ್ಜಿ ಕರೆದಾಗ, ಏಳನೆಯ ವೇತನ ಆಯೋಗದ ಪಟ್ಟಿಯಂತೆ ಲ್ಯಾಬ್ ಅಸಿಸ್ಟೆಂಟನ ಆರಂಭದ ಮೂಲವೇತನ 21,700, ರೇಡಿಯೋಗ್ರಾಫರನದು 29,200 ರೂಪಾಯಿಗಳಿದ್ದುವು. ತುಟ್ಟಿಭತ್ಯೆ ಮೊದಲಾದವು ಬೇರೆ. ಹುದ್ದೆಗಳು ಕೆಲವೇ, ಸ್ಪರ್ಧಿಗಳು ಸಾವಿರಾರು ಎಂಬುದು ನಿಜ. ಆದರೆ ಸ್ಪರ್ಧೆಗೆ ನಿಲ್ಲುವ ಹಕ್ಕಾದರೂ ಮಾನ್ಯತೆಯುಳ್ಳ ಓದಿನವನಿಗೇ ಉಂಟು.

ಹಣ ಕಟ್ಟುವ ಮುನ್ನ ಮಂಡಲಿಯ ಕಚೇರಿಯಲ್ಲಿ ಸಂಸ್ಥೆಯ ಹೆಸರು ಈ ವರ್ಷದ ಪಟ್ಟಿಯಲ್ಲಿದೆಯೇ ಎಂದು ಕೇಳಿರಿ. ಯಾವ ಆಸ್ಪತ್ರೆಯಲ್ಲಿ ಕೈಕೆಲಸ ಕಲಿಸುವರೆಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಹಿಂದಿನ ವರ್ಷ ಕಲಿತ ಇಬ್ಬರು ಮೂವರನ್ನು ಕಂಡು, ಎಲ್ಲಿದ್ದಾರೆ, ಏನು ಸಂಬಳವೆಂದು ವಿಚಾರಿಸಿರಿ. ಹತ್ತನೆಯ ತರಗತಿಯ ಮೂಲಪತ್ರಗಳನ್ನು ಯಾರ ವಶಕ್ಕೂ ಒಪ್ಪಿಸಬೇಡಿರಿ. ಪ್ರತಿ ಕೊಟ್ಟರೆ ಸಾಕು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ, ಕೆಲಸದ ಭರವಸೆಗೆ ಮುಂಗಡ ತೆರಬೇಡಿರಿ.

ನಮ್ಮ ಮಕ್ಕಳಿಗೆ ಒಂದು ಅನುಕೂಲ ಹುಟ್ಟಿನಿಂದಲೇ ಬಂದಿದೆ. ತೆಲುಗು, ಉರ್ದು, ಕನ್ನಡ ಮೂರನ್ನೂ ಆಡಬಲ್ಲ ಹುಡುಗಿ, ನೋವನ್ನು ಕನ್ನಡದಲ್ಲಿ ಮಾತ್ರ ಹೇಳಬಲ್ಲ ಮುದುಕಿಗೂ ವೈದ್ಯನಿಗೂ ನಡುವೆ ಸೇತುವೆಯಾಗಬಲ್ಲಳು. ಆ ಗುಣಕ್ಕೆ ಫೀಸಿಲ್ಲ. ಅದರ ಜೊತೆಗೆ ಮಾನ್ಯವಾದ ಓದು ಸೇರಿದರೆ ಅವಳ ಬಾಳು ಹಸನಾದೀತು. ಅದಕ್ಕಾಗಿ ತಂದೆತಾಯಿಗಳು ಇಂದು ಮಾಡಬೇಕಾದುದಿಷ್ಟೇ: ಫೀಸು, ಕಳೆದುಹೋಗುವ ಸಂಪಾದನೆ, ಬಡ್ಡಿ, ಮುಂದಿನ ಸಂಬಳ, ಈ ನಾಲ್ಕನ್ನೂ ಒಂದು ಹಾಳೆಯ ಮೇಲೆ ಬರೆದು ಕೂಡಿಸಿ ಕಳೆಯಬೇಕು. ಉತ್ತರ ಮೇಲೆ ಬಂದರೆ ಧೈರ್ಯವಾಗಿ ಓದಿಸಿರಿ. ಕೆಳಗೆ ಬಂದರೆ ಹಣವನ್ನು ಗಂಟಿನಲ್ಲಿಯೇ ಇರಿಸಿ ಇನ್ನೊಂದು ದಾರಿ ನೋಡಿರಿ.